ತಪ್ಪನ್ನು ಮೊದಲು ತೋರಿಸುತ್ತಿದ್ದವರು

ನಾನು ಅಜ್ಜಿಯಾದೆ! ಮೊನ್ನೆ ಬೆಳಿಗ್ಗೆ ಸೊಸೆ ಹೆತ್ತಳು, ಹೆಣ್ಣು ಕೂಸು, ತಲೆತುಂಬ ಕೂದಲು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೋಗುವವರು ಬರುವವರಿಗೆಲ್ಲ ಪೇಡೆ ತಿನ್ನಿಸಿದೆ. ನಾನು ನಾಲ್ಕನೇ ಇಯತ್ತೆ ಕಲಿತವಳು, ಇಷ್ಟು ಸಂತೋಷ ಹೇಗೆ ಬರೆಯಬೇಕೋ ತಿಳಿಯದು. ಬರೆಯಲು ಕೂತರೆ ಮನಸ್ಸು ಯೇವಲಾ ಊರಿನ ನೇಕಾರ ಕಾಕಾರ ಕಡೆಗೇ ಹೋಗುತ್ತದೆ.

ಅವರ ಬಲಗೈ ತೋರುಬೆರಳಿನ ಉಗುರಿನಲ್ಲಿ ರೇಷ್ಮೆ ಎಳೆ ಕೊರೆದ ಗೀರೊಂದಿತ್ತು. ಸೀರೆ ಬಿಚ್ಚಿದರೆ ಆ ಬೆರಳು ಜರಿಯ ಸೆರಗಿಗೆ ಹೋಗುತ್ತಿರಲಿಲ್ಲ. ಎಲ್ಲಿ ನೇಯ್ಗೆ ತಪ್ಪಿದೆಯೋ ಅಲ್ಲಿಗೆ ಹೋಗುತ್ತಿತ್ತು. ನನ್ನನ್ನು ಅವರು ‘ಬಾಯಿ’ ಎಂದು ಕರೆಯುತ್ತಿದ್ದರು; ಅವರ ಮರಾಠಿಯನ್ನು ನಮ್ಮ ಮೂಲ ಊರಾದ ಬೀದರಿನ ಮಾತಿನಲ್ಲೇ ಹೇಳುತ್ತೇನೆ.

"ಇಲ್ಲಿ ನೋಡ್ರಿ ಬಾಯಿ, ನವಿಲಿನ ಕಾಲು ಸೊಟ್ಟ ಆಗ್ಯಾದ. ನನ್ನ ತಪ್ಪು. ಹಿಡಿಸಿದ್ರ ತಗೋರಿ."

"ಕಾಕಾ, ನೀವು ಹೆಣ್ಣು ತೋರ್ಸೂ ಮುಂದ ಮೊದಲ ಮೆಳ್ಳಗಣ್ಣ ತೋರಸ್ತೀರಿ ನೋಡ್ರಿ!" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

"ಹಾಂಗ ತೋರ್ಸಿದಕ್ಕೇ ನನ್ನ ಹೆಣ್ಮಕ್ಕಳು ಮೂವರೂ ಗಂಡನ ಮನ್ಯಾಗ ಸುಖದಾಗ ಅದಾರ," ಎಂದು ನಗುತ್ತಿದ್ದರು.

ಅವರು ನೇಯ್ದ ಪೈಠಣಿ ಸೀರೆಗಳನ್ನು ನಾನು ಸಂಭಾಜಿನಗರದ ನಮ್ಮ ಮನೆಯಿಂದ ಮಾರುತ್ತಿದ್ದೆ. ಸೊಸೆ ಬಂದ ಮೇಲೆ ಮೊಬೈಲಿನಲ್ಲಿ ನಮ್ಮ ವ್ಯಾಪಾರದ ಪುಟ ತೆರೆದಳು. ಗಿರಾಕಿಗಳು ನೂರಾರು ಆದರು. ಜರಿಗೆ ಹತ್ತಿಬಟ್ಟೆ ಸುತ್ತಿಡಿ, ಬೇರೆ ಏನೂ ಬೇಡ ಎಂದು ಕಾಕಾ ಪ್ರತಿ ಸಲ ಹೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ನಾನು ಹುಳು ಬಿದ್ದೀತೆಂದು ಮಡಿಕೆಗಳ ನಡುವೆ ನುಸಿಗುಳಿಗೆ ಇಟ್ಟೆ. ಆ ಸೀರೆ ಕೊಂಡ ಹುಡುಗಿ ತನ್ನ ಮದುವೆಯ ದಿನ ಬಿಚ್ಚಿದರೆ, ಗುಳಿಗೆಯ ಘಾಟಿಗೆ ಸೆರಗಿನ ಜರಿಯೆಲ್ಲ ಕಪ್ಪು. ಅವಳು ಫೋಟೋ ತೆಗೆದು ನಮ್ಮ ಪುಟದಲ್ಲೇ ಹಾಕಿದಳು.

ಗಿರಾಕಿಗಳೆಲ್ಲ ಹೋದಾರೆಂದು ಹೆದರಿದೆ. ಸೊಸೆಗೆ ಹೇಳಿ ಬರೆಸಿದೆ: ನೇಕಾರ ಖೋಟಾ ಜರಿ ಹಾಕಿದ್ದಾನೆ, ನಾವೂ ಮೋಸ ಹೋದೆವು.

"ಖರೇ ಹೌದೇನ್ರಿ ಅತ್ತಿ?" ಎಂದು ಅವಳು ಕೇಳಿದಳು.

"ನೀ ಬರಿ ಸುಮ್ಮ," ಎಂದೆ.

ಒಂದೇ ವಾರದಲ್ಲಿ ಬೇರೆ ಅಂಗಡಿಗಳವರೂ ಕಾಕಾರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಕಾಕಾ ಬಸ್ಸು ಹಿಡಿದು ಬಂದರು. ಬೈಯಲಿಲ್ಲ. ವಾಪಸು ಬಂದಿದ್ದ ಆ ಸೀರೆಯನ್ನು ಮೂಗಿಗೆ ಹಿಡಿದರು, ಗುಳಿಗೆಯ ವಾಸನೆ ಇನ್ನೂ ಇತ್ತು, ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಎಲ್ಲಿ ಸುಳ್ಳು ಅಂದೀರಿ, ಅಲ್ಲೇ ಖರೇ ಹೇಳ್ರಿ ಬಾಯಿ. ನನ್ನ ಮನಿಗೆ ಬಂದು ಕೈ ಮುಗೀಬ್ಯಾಡ್ರಿ."

ಹೂಂ ಎಂದೆ. ಅವರು ಹೋದ ಮೇಲೆ ಬರೆಸಿದ್ದನ್ನು ಅಳಿಸಿ ಹಾಕಿಸಿದೆ, ಅಷ್ಟೇ. ಅಳಿಸಿದರೆ ಮುಗಿಯಿತು ಎಂದುಕೊಂಡೆ. ಓದಿದವರ ತಲೆಯಿಂದ ಅಳಿಸುವವರು ಯಾರು? ಕಾಕಾ ಮಗ್ಗ ಮಾರಿದರು. ಅವರ ಮಗ ಬಿಡಕಿನ್ ಕಡೆ ಕಾರ್ಖಾನೆ ಸೇರಿದ. ಹೋದ ದೀಪಾವಳಿಗೆ ಮೊದಲು ಕಾಕಾ ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ?

ಮೊನ್ನೆ ಕೂಸಿನ ಸುದ್ದಿ ಹಾಕಿದೊಡನೆ ಅದೇ ಪುಟದಲ್ಲಿ ಹಾರೈಕೆಯ ಮಳೆ. ಒಬ್ಬಾಕೆ, "ಬಾಯಿ, ನಿಮ್ಮ ಇಮಾನಿಗೆ, ಪ್ರಾಮಾಣಿಕತೆಗೆ ದೇವರು ಕೊಟ್ಟ ಫಲ," ಎಂದು ಬರೆದಿದ್ದಳು. ಸೊಸೆ ಅದನ್ನು ಓದಿ ಹೇಳಿ ನನ್ನನ್ನೇ ನೋಡಿದಳು.

"ಫೋನ್ ಹಿಡಿಯವ್ವಾ, ಪುಟದಾಗ ಎಲ್ಲಾರ ಮುಂದ ನಾ ಮಾತಾಡ್ತೀನಿ," ಎಂದೆ.

"ಇವತ್ತೇ ಬೇಕೇನ ಇದು? ಗಿರಾಕಿ ಎಲ್ಲಾ ಓಡ್ತಾರ," ಎಂದು ಯಜಮಾನರು ಗದರಿದರು.

"ಓಡ್ಲಿ ಬಿಡ್ರಿ."

"ವಿಡಿಯೋ ಚಾಲೂ ಆತು, ಮಾತಾಡ್ರಿ ಅತ್ತಿ," ಎಂದು ಸೊಸೆ ಮಲಗಿದಲ್ಲಿಂದಲೇ ಫೋನು ಹಿಡಿದಳು. ನುಸಿಗುಳಿಗೆ ಇಟ್ಟವಳು ನಾನು, ಜರಿ ಅಪ್ಪಟ, ಸುಳ್ಳು ಹೇಳಿದವಳೂ ನಾನು ಎಂದು ಎಲ್ಲರೆದುರು ಹೇಳಿದೆ. ಹಾರೈಕೆಗಳು ಅಲ್ಲಿಗೇ ನಿಂತವು. ಆ ಮದುವೆಯ ಹುಡುಗಿ ಮಾತ್ರ ಬರೆದಳು: ಇಷ್ಟು ವರ್ಷ ಬೇಕಾಯಿತೇ?

ಕಾಕಾರ ಮಗನಿಗೂ ಅದನ್ನು ಕಳಿಸಿದೆವು. ಸಂಜೆ ಅವನ ಫೋನು ಬಂತು.

"ಕೇಳಿದೆ ಕಾಕೂ. ಅಪ್ಪಾ ಇರಬೇಕಿತ್ತು." ಆಮೇಲೆ, "ಕೂಸು ಆರಾಮ ಅದ ಏನು?" ಎಂದ. ನಾನು ಫೋನನ್ನು ಸೊಸೆಯ ಕಿವಿಗೆ ಹಿಡಿದೆ. ಸೊಸೆಯೇ ಉತ್ತರ ಹೇಳಿದಳು.

ಬೀಗರು ಊಟದ ಡಬ್ಬಿ ತಂದಿದ್ದರು. ಆಸ್ಪತ್ರೆಯ ಕೋಣೆಯಲ್ಲೇ ಚಾದರ ಹಾಸಿ ಎಲ್ಲರೂ ಉಂಡೆವು. ಸೊಸೆಗೆ ಮೆತ್ತನ್ನ ಅನ್ನ, ತುಪ್ಪ. ನಮಗೆ ರೊಟ್ಟಿ, ಗೋಧಿ ಹುಗ್ಗಿ. ಯಜಮಾನರು ನನ್ನ ತಾಟಿಗೆ ಹುಗ್ಗಿ ನೀಡಿದರು. ಕೂಸನ್ನು ನೋಡುತ್ತ ತಿಂದೆ. ಎರಡನೇ ಸಲ ನೀಡಲು ಬಂದಾಗ ಕೈ ಅಡ್ಡ ಹಿಡಿದೆ; ಕಾಕಾ ತೀರಿಕೊಂಡ ಮೇಲೆ ಖರೇ ಹೇಳಿದವಳಿಗೆ ಅಷ್ಟು ಸಿಹಿಯೇ ಹೆಚ್ಚು.