ಒಲೆ ಸುತ್ತಿಸಿದ ಹೇಂಟೆ

ಅಮ್ಮ ಚೆನ್ನಾಗಿದ್ದ ಕೊನೆಯ ವಾರದಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವುದು ಶನಿವಾರ. ಅಮದಳ್ಳಿಯ ಗಂಡನ ಮನೆಯಿಂದ ತವರು ಕೇಣಿಗೆ ಹೊರಟವಳು ಅಂಕೋಲೆಯ ಸಂತೆಯಲ್ಲಿ ಇಳಿದು ಒಂದು ಕೆಂಪು ಹೇಂಟೆ ಕೊಂಡೆ. ಮೊಟ್ಟೆಗೆ ಕೂರಿಸಲು ಬೇಕೆಂದು ಅಮ್ಮ ಹೇಳಿ ಕಳಿಸಿದ್ದಳು. ಯಾವ ಯಾವ ಊರಿನವೋ ಕೋಳಿಗಳು ಕಾಲು ಕಟ್ಟಿಸಿಕೊಂಡು ಒಂದೇ ಬುಟ್ಟಿಯಲ್ಲಿ ಒತ್ತಿಕೊಂಡಿದ್ದವು. ನಾನು ಆರಿಸಿದ್ದು ಸ್ವಲ್ಪ ತೂಕಡಿಸುತ್ತಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ.

ಹೊಸ ಕೋಳಿ ಬಂದರೆ ನಮ್ಮ ಮನೆಯಲ್ಲಿ ಒಲೆಗೆ ಮೂರು ಸುತ್ತು ಹಾಕಿಸುತ್ತಾರೆ. ಆಮೇಲೆ ಅದು ಮನೆ ಬಿಟ್ಟು ಹೋಗುವುದಿಲ್ಲವಂತೆ. ಅಮ್ಮ ಹೇಂಟೆಯನ್ನು ಎದೆಗೆ ಅವಚಿಕೊಂಡು ಸುತ್ತಿಸುತ್ತ ನಕ್ಕಳು.

"ನಿನ್ನ ಗಂಡನ ಮನ್ಯವ್ರು ನಿಂಗೂ ಹೀಂಗೇ ಸುತ್ತಸ್ಬೇಕಾಗಿತ್ತು ಮಗಾ. ವಾರಕ್ಕೊಂದ್ಸಲ ಓಡ್ಕಂಡು ಬತ್ತೆ."

"ಹಾಂಗಾರೆ ಇನ್ಮೇಲೆ ಬರೂದಿಲ್ಲ ತಗ."

"ಬರದೇ ಎಲ್ಲಿ ಹೋತೆ? ಮೀನ್ಸಾರು ಯಾರು ಹಾಕ್ತ್ರು ನಿಂಗೆ?"

ಅದೇ ಸಂಜೆ ಹೇಂಟೆಯನ್ನು ಉಳಿದ ಕೋಳಿಗಳ ಗೂಡಿಗೆ ಬಿಟ್ಟೆವು.

ಮಂಗಳವಾರ ಅದು ಸತ್ತಿತು. ಆಮೇಲೆ ಉಳಿದವೂ ಕುತ್ತಿಗೆ ತಿರುಚಿಕೊಂಡು ಒಂದೊಂದಾಗಿ ಬಿದ್ದವು. ಅಮ್ಮ ಅವುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಕ್ಕಿಗೆ ಅರಿಶಿನದ ನೀರು ಬಿಟ್ಟಳಂತೆ. ವಾರ ಮುಗಿಯುವಷ್ಟರಲ್ಲಿ ಅವಳಿಗೇ ಜ್ವರ, ಕೆಮ್ಮು. ಕಾರವಾರದ ಆಸ್ಪತ್ರೆಗೆ ಸೇರಿಸಿದೆವು. ಆ ವರ್ಷ ಟಿವಿ ಹಾಕಿದರೆ ಹಕ್ಕಿಜ್ವರದ್ದೇ ಸುದ್ದಿ.

ಬಟ್ಟೆ ಒಯ್ಯಲು ನಾನು ಕೇಣಿಗೆ ಬಂದ ದಿನ ಪಶು ಆಸ್ಪತ್ರೆಯವರೊಬ್ಬರು ಮನೆಗೆ ಬಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂದು ಬೆಳಿಗ್ಗೆ ಸತ್ತ ಎರಡು ಕೋಳಿಗಳನ್ನು ಚೀಲಕ್ಕೆ ಹಾಕಿಕೊಂಡರು.

"ಸಂತೆಯಿಂದ ಹೊಸದು ತಂದಿದ್ರಾ? ಹದಿನೈದು ದಿನ ಬೇರೆ ಇಡ್ಬೇಕಾಗಿತ್ತು. ಕೋಳಿಗಳಿಗೆ ಬರೂ ಕೊಕ್ಕರೆ ರೋಗದ ಹಾಗೆ ಕಾಣ್ತದೆ. ಅದ್ರಿಂದ ಜನ ಸಾಯೂದಿಲ್ಲ. ಆದ್ರೂ ವರದಿ ಬರ್ಲಿ, ಹೇಳ್ತೇವೆ."

ಮರುದಿನ ಅಮ್ಮ ತೀರಿಕೊಂಡಳು. ಮೊದಲಿನಿಂದ ದಮ್ಮು ಇತ್ತಲ್ಲ, ಶ್ವಾಸಕೋಶ ಸೋತಿತು ಅಂದರು ಡಾಕ್ಟರು. ಕೋಳಿಗಳ ವಿಷಯ ಹೇಳಿ, ಹಕ್ಕಿಜ್ವರ ಇರಬಹುದೇ ಎಂದು ಕೇಳಿದೆ. ಅವರು ಕಾಗದಗಳನ್ನು ಮಡಚುತ್ತ, "ಇರಲಾರದು" ಅಂದರು. ಇಲ್ಲ ಅನ್ನಲಿಲ್ಲ.

ಹೆಣ ಮನೆಗೆ ತಂದಾಗ ಕೆಲವರು ಅಂಗಳದ ಆಚೆಯೇ ನಿಂತರು. ಪಕ್ಕದ ಮನೆಯ ಅಕ್ಕ ಮಾತ್ರ ಒಳಗೆ ಬಂದು ನನ್ನ ಹತ್ತಿರ ಕೂತಳು.

"ಆ ಜ್ವರ ಅಲ್ಲ ಅಂದ್ರೆ ಅಂವಾ ಮೂಗಿಗೆ ಬಟ್ಟೆ ಯಂತಕ್ಕೆ ಕಟ್ಕಂಡಿದ್ದಾ?" ಎಂದು ಮೆಲ್ಲಗೆ ಕೇಳಿದಳು.

ಕೊಕ್ಕರೆ ರೋಗವೇ ಆಗಿದ್ದರೆ ಅಮ್ಮ ತನ್ನ ದಮ್ಮಿನಿಂದ ಹೋದಳು. ಅಲ್ಲವಾದರೆ ಅವಳ ಸಾವನ್ನು ನಾನೇ ಸಂತೆಯಿಂದ ಆರಿಸಿ ತಂದುಕೊಟ್ಟೆ. ಕೆಲವು ದಿನ ಮೊದಲನೆಯದು ನಿಜವೆನಿಸುತ್ತದೆ, ಕೆಲವು ದಿನ ಎರಡನೆಯದು. ಅಂಕೋಲೆಯ ಪಶು ಆಸ್ಪತ್ರೆಯಲ್ಲಿ ವರದಿ ಕೇಳಿದರೆ, ಕೋಳಿಗಳನ್ನು ಪರೀಕ್ಷೆಗೆ ಕಾರವಾರಕ್ಕೆ ಕಳಿಸಿದ್ದೇವೆ ಅಂದರು. ಕಾರವಾರದಲ್ಲಿ, ಹೊರಗೆ ಕಳಿಸಿದ್ದೇವೆ ಅಂದರು. ಮೂರನೆಯ ಸಲ ಹೋದಾಗ ಚೀಲ ಒಯ್ದವರಿಗೇ ವರ್ಗವಾಗಿತ್ತು.

ಆ ಎರಡು ಕೋಳಿಗಳ ವರದಿ ನನಗೆ ಇನ್ನೂ ಸಿಕ್ಕಿಲ್ಲ.