ಇಷ್ಟು ಸರಿ ಬರಬಾರದು

ನನ್ನ ತಂಗಿಗೆ ಮನೆಯಲ್ಲಿಟ್ಟ ಅಡ್ಡಹೆಸರು ಉಡ. ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಆಸ್ಪತ್ರೆಯ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಂಡಿದ್ದವಳಿಗೆ ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಡೇಟಾ ಸೈಂಟಿಸ್ಟ್ ಆಗಲೇಬೇಕೆಂಬ ಹಟ ಹುಟ್ಟಿತು. ಎರಡು ಸಲ ಸಂದರ್ಶನಕ್ಕೆ ಕೂತು ಎರಡು ಸಲವೂ ಮಣ್ಣು ಮುಕ್ಕಿದಳು. ಮೂರನೆಯದೂ ಕೈಕೊಟ್ಟರೆ ಮತ್ತೆ ಕರೆಯುವುದಿಲ್ಲವೆಂದು ಕಂಪನಿಯವರು ಮೊದಲೇ ಹೇಳಿಬಿಟ್ಟಿದ್ದರು.

ಅಭ್ಯಾಸಕ್ಕೆ ಸಂದರ್ಶಕಿ ನಾನೇ. ನಾನು ಬಟ್ಟೆ ಹೊಲಿಯುವವಳು. ಮಿಷನ್ ತುಳಿಯುತ್ತಾ ಅವಳು ಕೊಟ್ಟ ಪ್ರಶ್ನೆ ಓದುವುದು, ಅವಳು ಉತ್ತರ ಹೇಳುವುದು, ನಾನು "ಸರಿ" ಅನ್ನುವುದು. ಅದರ ತಲೆಬುಡ ನನಗೆ ಗೊತ್ತಿರಲಿಲ್ಲ.

"ಅಕ್ಕಾ, ನೀನು ಎಲ್ಲದಕ್ಕೂ ಸರಿ ಅಂತೀಯ," ಎಂದು ಒಮ್ಮೆ ಸಿಡುಕಿದಳು. "ಎಲ್ಲಾನೂ ಸರಿ ಬಂತು ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ."

"ಹಾಗಾದ್ರೆ ತಪ್ಪು ಅನ್ಲಾ? ನಂಗೆ ಎರಡೂ ಒಂದೇ," ಎಂದೆ.

ಮೂರನೆಯ ಸಂದರ್ಶನ ಮನೆಯಿಂದಲೇ, ಕಂಪ್ಯೂಟರ್ ಪರದೆಯ ಮೇಲೆ. ನಾನು ಮಿಷನ್ ನಿಲ್ಲಿಸಿ, ಪಕ್ಕದ ಕೋಣೆಯಲ್ಲಿ ಬಾಗಿಲಿಗೆ ಕಿವಿಗೊಟ್ಟು ಕೂತೆ. ಆ ಕಡೆ ಒಬ್ಬ ಗಂಡಸು, ಒಬ್ಬ ಹೆಂಗಸು. ಒಂದು ಫೈಲ್ ಕಳಿಸಿ, ಯಾವ ಗ್ರಾಹಕರು ಸದ್ಯದಲ್ಲೇ ನಮ್ಮನ್ನು ಬಿಟ್ಟು ಹೋಗುತ್ತಾರೆಂದು ಮುಂಚಿತವಾಗಿ ಹೇಳುವ ಲೆಕ್ಕ ಕಟ್ಟಿಕೊಡಿ ಎಂದರು. ಇವಳು ಟಕಟಕ ಕೀಲಿ ಒತ್ತಿದಳು. ನೂರಕ್ಕೆ ತೊಂಬತ್ತೆಂಟು ಸರಿ ಬಂತು.

"ತುಂಬಾ ಚೆನ್ನಾಗಿದೆ," ಎಂದ ಗಂಡಸು. ನಾನು ಕೂತಲ್ಲೇ ಮನಸ್ಸಿನ ಮಂಡಿಗೆ ತಿನ್ನತೊಡಗಿದೆ.

"ಸರ್, ಇಷ್ಟು ಸರಿ ಬರಬಾರದು," ಎಂದಳು ನಮ್ಮ ಉಡ. "ಸ್ವಲ್ಪ ಟೈಮ್ ಕೊಡಿ."

ಕೆದಕುತ್ತಾ ಹೋದಳು. ಫೈಲಿನಲ್ಲಿ 'ಗ್ರಾಹಕರಿಗೆ ಮಾಡಿದ ಕೊನೆಯ ಕರೆ' ಎಂಬ ಕಾಲಂ ಇತ್ತಂತೆ. "ತಾರೀಕು ನೋಡಿ. ಈ ಕರೆ ಮಾಡಿರೋದು ಅವರು ಬಿಟ್ಟು ಹೋದ್ಮೇಲೆ, ಯಾಕೆ ಬಿಟ್ರಿ ಅಂತ ಕೇಳೋಕೆ. ಪ್ರಶ್ನೆ ಒಳಗೇ ಉತ್ತರ ಸೇರ್ಕೊಂಡಿದೆ. ಅದನ್ನ ಗಮನಿಸದೆ ಹಾಕಿದ್ದು ನನ್ನ ತಪ್ಪು." ಆ ಕಾಲಂ ಕಿತ್ತುಹಾಕಿ ಮತ್ತೆ ಲೆಕ್ಕ ಹಾಕಿದಳು. ನೂರಕ್ಕೆ ಎಪ್ಪತ್ತೊಂದಕ್ಕೆ ಇಳಿಯಿತು. "ನಿಜ ಇಷ್ಟೇ," ಎಂದಳು. ಆ ಕಡೆಯವರು ತಿಳಿಸುತ್ತೇವೆ ಎಂದು ಮುಗಿಸಿದರು.

ನನಗೆ ಮೈಯೆಲ್ಲ ಉರಿಯಿತು. "ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡ್ಕೊಂಡೆ. ಅವರಿಗೇ ಕಾಣದ್ದನ್ನ ನೀನ್ಯಾಕೆ ತೋರಿಸೋಕೆ ಹೋದೆ?"

"ನಂಗೆ ಕಾಣ್ತಲ್ಲ ಅಕ್ಕಾ," ಎಂದು ಕೈತೊಳೆದು ಊಟಕ್ಕೆ ಕೂತಳು. ಒಂದಗುಳೂ ಬಿಡದೆ ಉಂಡಳು. ತಟ್ಟೆ ಮುಂದಿಟ್ಟುಕೊಂಡು ಗೊಣಗುತ್ತಾ ಕೂತವಳು ನಾನು.

ವಾರ ಕಳೆದು ಆ ಹೆಂಗಸಿನ ಫೋನ್ ಬಂತು. ತಂಗಿ ಸ್ಪೀಕರ್ ಹಾಕಿದಳು.

"ಆ ಕಾಲಂ ನಿಮ್ಮನ್ನ ಪರೀಕ್ಷೆ ಮಾಡೋಕೆ ಇಟ್ಟದ್ದಲ್ಲ. ನಮ್ಮ ನಿಜವಾದ ಲೆಕ್ಕದಲ್ಲೂ ಇದೆ. ಇಷ್ಟು ದಿನ ನಾವ್ಯಾರೂ ನೋಡಿರ್ಲಿಲ್ಲ. ಬೇಗ ಬಂದು ಸೇರ್ಕೋತೀರಾ?"

ಎರಡು ಸಲ ಸೋತಾಗಲೂ ಅಳದವಳ ಕಣ್ಣಿಂದ ನೀರು ಬಳಬಳನೆ ಇಳಿಯಿತು. ಆ ಕಡೆ "ಹಲೋ, ಹಲೋ" ಎನ್ನುತ್ತಲೇ ಇದ್ದರು. ಮತ್ತೇನು ಮಾಡಲಿ, ನಾನೇ ಫೋನಿಗೆ ಬಾಗಿ "ಸರಿ" ಎಂದೆ.