ಖಾಡಿಗೆ ಒಗೆದ ತಕ್ಕಡಿ ಪೈಸೆ

ಮೊಣಕಾಲಿನ ಆಪರೇಶನ್ ಸುಸೂತ್ರವಾಗಿ ಮುಗಿದರೆ ಗಂಗೆಗೆ ತಾಮ್ರ ಕೊಡುತ್ತೇನೆಂದು ಅತ್ತೆ, ಎಂದರೆ ನನ್ನ ಅಪ್ಪನ ಅಕ್ಕ, ಹರಕೆ ಹೊತ್ತಿದ್ದಳು. ಮುಗಿಯಿತು. ಧಾರವಾಡದಿಂದ ಮದುವೆಯಾಗಿ ಮುಂಬಯಿಯ ವಿಲೆ ಪಾರ್ಲೆಗೆ ಬಂದ ಆಕೆಗೆ, ಭಾಯಂದರ್ ಸ್ಟೇಷನ್ ಆದ ಮೇಲೆ ಲೋಕಲ್ ರೈಲು ದಾಟುವ ಖಾಡಿಯೇ, ಎಂದರೆ ಸಮುದ್ರದ ಹಿನ್ನೀರೇ, ಗಂಗೆ. ಉಪ್ಪುನೀರಾದರೇನು, ಕೆಸರಾದರೇನು, ಸೇತುವೆ ಬಂದಾಗ ಜನ ಬಾಗಿಲಿನಿಂದ ಹೂವು, ನಾಣ್ಯ ಒಗೆದು ಕೈಮುಗಿಯುತ್ತಾರೆ. ತೊಡಕಿದ್ದದ್ದು ನಾಣ್ಯದಲ್ಲಿ.

"ಈಗಿನ ರೊಕ್ಕ ಎಲ್ಲಾ ಸ್ಟೀಲು. ಸ್ಟೀಲ್ ಕೊಟ್ಟರ ಗಂಗವ್ವ ಏನು ಊಟದ ಡಬ್ಬಿ ಮಾಡಿಸ್ತಾಳೇನು?"

ದೇವರ ಪೆಟ್ಟಿಗೆಯಲ್ಲಿ ಅಜ್ಜಿಯ ಎರಡು ತಾಮ್ರದ ಪೈಸೆಗಳಿದ್ದವು. ಈಸ್ಟ್ ಇಂಡಿಯಾ ಕಂಪನಿಯವು. ಒಂದು ಬದಿಗೆ ಕಂಪನಿಯ ಲಾಂಛನ, ಇನ್ನೊಂದು ಬದಿಗೆ ತಕ್ಕಡಿ. ತಕ್ಕಡಿಯ ತಟ್ಟೆಗಳ ನಡುವೆ ಫಾರಸಿ ಲಿಪಿಯಲ್ಲಿ ‘ನ್ಯಾಯ’ ಎಂದು ಬರೆದಿದೆ, ಇವನ್ನು ಮ್ಯೂಸಿಯಂನಲ್ಲಿ ಇಡುತ್ತಾರೆ ಎಂದು ಇತಿಹಾಸ ಓದಿದ ನಾನು ಹೇಳಿ ನೋಡಿದೆ.

"ಮ್ಯೂಸಿಯಂದವರು ನನ್ನ ಮೊಣಕಾಲು ನೋಡ್ಕೋತಾರೇನು?"

ಮಧ್ಯಾಹ್ನದ ವಿರಾರ್ ಲೋಕಲ್‌ನ ಲೇಡೀಸ್ ಬೋಗಿ ಬಹುತೇಕ ಖಾಲಿಯಿತ್ತು. ಖಾಡಿ ಹತ್ತಿರವಾದಂತೆ ಅತ್ತೆ ಬಾಗಿಲಿಗೆ ಹೋದಳು. ಎಡಗೈಯಲ್ಲಿ ಕಂಬ, ಬಲಗೈಯಲ್ಲಿ ಒಂದು ಪೈಸೆ. ನಾನು ಹಿಂದಿನಿಂದ ಸೆರಗು ಹಿಡಿದೆ. ಬಾಗಿಲ ಬಳಿ ನೆಲದ ಮೇಲೆ ಕುಳಿತು ಕೂದಲಿನ ಕ್ಲಿಪ್ಪು ಮಾರುತ್ತಿದ್ದವಳು, ಕಂಬ ಬಿಡಬೇಡ ಎಂದು ಹಿಂದಿಯಲ್ಲಿ ಎಚ್ಚರಿಸಿದಳು.

"ನನಗ ಹೇಳ್ತಾಳ. ನಲವತ್ತು ವರ್ಷ ಇದರಾಗ ಜೋತಾಡೇನಿ."

ಅತ್ತೆ ಒಗೆದಳು. ಒಗೆದ ಮೇಲೆ ನಮಸ್ಕಾರ ಮಾಡಬೇಕಲ್ಲ, ಎರಡೂ ಕೈ ಜೋಡಿಸಿದಳು. ಕಣ್ಣನ್ನೂ ಮುಚ್ಚಿದಳು.

ಆ ಗಳಿಗೆ ನನಗಿನ್ನೂ ಮುಗಿದಿಲ್ಲ. ಅನ್ನ ಕಲಸುವಾಗ, ನಲ್ಲಿ ತಿರುಗಿಸುವಾಗ ಮತ್ತೆ ಶುರುವಾಗುತ್ತದೆ. ಹೊಸ ಮೊಣಕಾಲಿನ ಅತ್ತೆ ಓಡುವ ಲೋಕಲ್‌ನ ಬಾಗಿಲಲ್ಲಿ ಏನನ್ನೂ ಹಿಡಿಯದೆ ಭಕ್ತಿಯಿಂದ ನಿಂತಿದ್ದಾಳೆ. ಗಾಡಿ ಕುಲುಕುತ್ತದೆ. ಆಕೆ ಹೊರಕ್ಕೆ ವಾಲುತ್ತಾಳೆ. ಪಿನ್ನು ಕಿತ್ತು ಸೆರಗು ನನ್ನ ಕೈಗೆ ಬರುತ್ತದೆ, ಅತ್ತೆ ಬರುವುದಿಲ್ಲ.

ಕ್ಲಿಪ್ಪಿನವಳು ಕುಳಿತಲ್ಲಿಂದಲೇ ಆಕೆಯ ಸೊಂಟ ತಬ್ಬಿ ಒಳಕ್ಕೆಳೆದಳು. ಮೂವರೂ ಕ್ಲಿಪ್ಪುಗಳ ಮೇಲೆ ಬಿದ್ದೆವು.

"ಕೈ ಮುಗಿಯಾಕೂ ಬಿಡಲಿಲ್ಲಲ್ಲಾ ನೀವು," ಎಂದು ಅತ್ತೆ ಗೊಣಗಿದಳು. "ನೀರಿಗೆ ಬಿತ್ತೇನು, ನೋಡಿದೇನು? ಬಿದ್ದಿಲ್ಲಂದ್ರ ಹುಡುಕು, ಬರುವಾಗ ಮತ್ತ ಒಗೀತೇನಿ."

ಬಿದ್ದಿರಲಿಲ್ಲ. ಸೇತುವೆಯ ಕಂಬಕ್ಕೆ ಬಡಿದು ಒಳಗೇ ಬಂದು, ಸೀಟಿನ ಕೆಳಗೆ ತಕ್ಕಡಿ ಮೇಲಾಗಿ ಬಿದ್ದಿತ್ತು. ಕ್ಲಿಪ್ಪಿನವಳೂ ಅದನ್ನು ಕಂಡಳು. ಅವಳಿಗೆ ಕನ್ನಡ ಬಾರದು, ಆದರೆ ಅತ್ತೆ ಖಾಡಿಯತ್ತ ಕೈ ತೋರಿಸಿದ್ದೇ ಸಾಕಾಯಿತು. ಮೆಲ್ಲಗೆ ಪೈಸೆಯ ಮೇಲೆ ಚಪ್ಪಲಿ ಇಟ್ಟಳು.

"ಪಾನೀ ಮೇ ಗಿರ್ ಗಯಾ, ಮೌಸಿ."

"ಹೌದು, ನೀರಿಗೇ ಬಿತ್ತು, ಬುಳುಕ್ ಅಂತು," ಎಂದೆ ನಾನು.

"ಇಷ್ಟು ಗದ್ದಲದಾಗ ಕೇಳಿಸ್ತೇನು?"

"ತಾಮ್ರ ಅಲ್ಲೇನು ಅತ್ತಿ, ಕೇಳಸ್ತೈತಿ."

ಅತ್ತೆ ಇದನ್ನು ಒಪ್ಪಿದಳು. ಇಳಿಯುವಾಗ ಕ್ಲಿಪ್ಪಿನವಳು ಪೈಸೆಯನ್ನು ನನ್ನ ಅಂಗೈಗೆ ಒತ್ತಿದಳು. ಅದೀಗ ನನ್ನ ಕಪಾಟಿನಲ್ಲಿ ಸ್ವೆಟರುಗಳ ಕೆಳಗಿದೆ. ಮುಂಬಯಿಯಲ್ಲಿ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ.

ಮೊನ್ನೆ ಅತ್ತೆಯ ಫೋನ್ ಬಂತು. "ಎಡಗಾಲಿಗೂ ಡಾಕ್ಟರ್ ತಾರೀಖು ಕೊಟ್ಟಾರ. ಚಿಂತಿಲ್ಲ, ಇನ್ನೊಂದು ಪೈಸಾ ಐತಲ್ಲ."

ಅಂದಿನಿಂದ ನಾನು ಮಧ್ಯಾಹ್ನದ ವಿರಾರ್ ಲೋಕಲ್‌ಗಳಲ್ಲಿ ಬೋಗಿ ಬದಲಿಸುತ್ತ ಕ್ಲಿಪ್ಪಿನವಳನ್ನು ಹುಡುಕುತ್ತಿದ್ದೇನೆ.